ಎಲ್ಲಿಂದ ಎಲ್ಲಿಗೆ ಬಿಗಿ?

ಅಮೆರಿಕದಲ್ಲಿ ಹಳೆಯ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರ ನಡುವೆ ಒಂದು ನಂಬಿಕೆ ಆಳವಾಗಿ ಬೇರೂರಿದೆ: ಕಾರಿನ ಮೈಕಟ್ಟು ಬಿಗಿಯಾದಷ್ಟೂ ಅದು ತಿರುವಿನಲ್ಲಿ ಚೆನ್ನಾಗಿ ನಡೆದುಕೊಳ್ಳುತ್ತದೆ. 1979ರಿಂದ 1993ರವರೆಗೆ ತಯಾರಾದ ‘ಫಾಕ್ಸ್ ಬಾಡಿ’ ಪೀಳಿಗೆಯ ಮಸ್ಟಾಂಗ್ ಕೊಂಡವರಿಗೆ ಸಿಗುವ ಮೊದಲ ಸಲಹೆಯೇ ಇದು. ಎಂಜಿನ್ ಮುಟ್ಟುವ ಮೊದಲು ನೆಲದಡಿಗೆ ಸಬ್‌ಫ್ರೇಮ್ ಕನೆಕ್ಟರ್ ಬೆಸೆಸಿ, ಬಾನೆಟ್ಟಿನಡಿ ಮುಂದಿನ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಎರಡು ಸ್ಟ್ರಟ್ ಟವರುಗಳ ನಡುವೆ ಅಡ್ಡಪಟ್ಟಿ ಹಾಕಿಸಿ, ಆಮೇಲೆ ಕೈಯಲ್ಲಿ ದುಡ್ಡು ಆಡಿದಂತೆಲ್ಲ ಒಂದೊಂದೇ ಪಟ್ಟಿ ಸೇರಿಸುತ್ತ ಹೋಗಿ. ಈ ಸಲಹೆಯಲ್ಲಿ ಹುರುಳಿದೆ. ಆದರೆ ಆ ಹುರುಳಿನ ಸುತ್ತ ಬೇರೆ ಬೇರೆ ಸಂಗತಿಗಳು ಗೋಜಲಾಗಿ ಸುತ್ತಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ಪಟ್ಟಿ ಮೇಲೆ ಪಟ್ಟಿ ಹಾಕಿದವರು ದುಡ್ಡನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಮೂವತ್ತು ನಲವತ್ತು ವರ್ಷ ಬಾಳಿದ ಕಾರಿನ ತಗಡು ಅವರ ಕೈಯಲ್ಲೇ ಸೀಳುವುದೂ ಉಂಟು.

ನಂಬಿಕೆಯ ಪರವಾದ ವಾದವನ್ನು ಮೊದಲು ಪೂರ್ತಿಯಾಗಿ ಕೇಳಬೇಕು. ಅದು ಮೂರು ಮೆಟ್ಟಿಲಲ್ಲಿ ನಡೆಯುತ್ತದೆ.

1. ಸಸ್ಪೆನ್ಷನ್ನಿನ ಸ್ಪ್ರಿಂಗು, ಆಂಟಿ-ರೋಲ್ ಬಾರು, ಶಾಕ್ ಅಬ್ಸಾರ್ಬರುಗಳೆಲ್ಲ ಕಾರಿನ ಮೈಗೆ ಒರಗಿಕೊಂಡು ಕೆಲಸ ಮಾಡುತ್ತವೆ. ಮೈಯೇ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗ್ ಆಗುತ್ತದೆ. ಯಾರೂ ಲೆಕ್ಕ ಹಾಕಿ ಆರಿಸದ, ತಣಿಸಲು ಶಾಕ್ ಅಬ್ಸಾರ್ಬರೂ ಇಲ್ಲದ ಸ್ಪ್ರಿಂಗ್ ಅದು.

2. ಹೀಗೆ ತಿರುಚುವಾಗ ಚಕ್ರಗಳ ಕೋನ ಬದಲಾಗುತ್ತದೆ, ಟೈರು ರಸ್ತೆಯನ್ನು ಕಚ್ಚುವ ರೀತಿ ಕೆಡುತ್ತದೆ.

3. ಆದ್ದರಿಂದ ಮೈಗೆ ಸೇರಿಸಿದ ಪ್ರತಿಯೊಂದು ಬಿಗಿತವೂ ಲಾಭವೇ.

ಮೊದಲೆರಡು ಮಾತು ನಿಜ. ಚರಿತ್ರೆಯೂ ಅವುಗಳ ಪರವಾಗಿದೆ. 1962ರಲ್ಲಿ ಕಾಲಿನ್ ಚಾಪ್‌ಮನ್ ಅವರು ಲೋಟಸ್ 25 ಎಂಬ ಫಾರ್ಮುಲಾ ಒನ್ ಕಾರಿಗೆ ಕೊಳವೆಗಳ ಚೌಕಟ್ಟನ್ನು ಬಿಟ್ಟು ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆಯಂಥ ಮೈ ಕೊಟ್ಟರು. ಅದು ಹಳೆಯ ಚೌಕಟ್ಟಿಗಿಂತ ಹಗುರವಾಗಿತ್ತು, ಬಿಗಿತದಲ್ಲಿ ಅದನ್ನು ಎಷ್ಟೋ ಮೀರಿಸಿತ್ತು. ಮರುವರ್ಷ ಜಿಮ್ ಕ್ಲಾರ್ಕ್ ಅದರಲ್ಲೇ ವಿಶ್ವ ಚಾಂಪಿಯನ್ ಆದರು. ಆದರೆ ಚಾಪ್‌ಮನ್ ಆ ಬಿಗಿತವನ್ನು ಯಾತಕ್ಕೆ ಬಳಸಿಕೊಂಡರು ಎಂಬುದನ್ನು ಗಮನಿಸಬೇಕು: ಮೈ ಬಿಗಿಯಾದ್ದರಿಂದ ಸ್ಪ್ರಿಂಗುಗಳನ್ನು ಮೆತ್ತಗೆ ಇಡಲು ಬಂತು. ಮೂರನೆಯ ಮೆಟ್ಟಿಲು ಕುಸಿಯತೊಡಗುವುದು ಇಲ್ಲಿಯೇ, ಏಕೆಂದರೆ ಮೊದಲೆರಡು ಮಾತುಗಳಿಂದ ಅದು ಹೊರಡುವುದೇ ಇಲ್ಲ.

ಕಾರಿನ ಕಟ್ಟಡವನ್ನು ನೋಡೋಣ. ಲಾರಿಗೆ, ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ, ಮೈಯನ್ನು ಅದರ ಮೇಲೆ ಕೂರಿಸುತ್ತಾರೆ. ಮಸ್ಟಾಂಗ್‌ನಂಥ ಯೂನಿಬಾಡಿ ಕಾರಿನಲ್ಲಿ ಮೈಯೇ ಚಾಸಿ. ತಗಡುಗಳನ್ನು ಮಡಚಿ, ಸಾವಿರಾರು ಕಡೆ ಚುಕ್ಕಿ ಬೆಸುಗೆ ಹಾಕಿ ಮಾಡಿದ ಪೆಟ್ಟಿಗೆ ಅದು. ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಡರ್ ಕೂಡ ಇದೇ ಜಾತಿಯದು. ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಬ್ರಿಟನ್ನಿನಲ್ಲಿ ಯೂನಿಬಾಡಿಯಾಗಿಯೇ ಹುಟ್ಟಿತ್ತು. ಫಾಕ್ಸ್ ಮಸ್ಟಾಂಗ್‌ನ ಮೈಯ ಮೂಲ 1978ರ ಫೋರ್ಡ್ ಫೇರ್‌ಮಾಂಟ್ ಎಂಬ ಸಾಧಾರಣ ಸಂಸಾರಿ ಕಾರು. ಅದೇ ಮೈಗೆ ಬರಬರುತ್ತ 5 ಲೀಟರಿನ ವಿ8 ಎಂಜಿನ್ನಿನ 225 ಅಶ್ವಶಕ್ತಿಯನ್ನು ಹೊರಿಸಲಾಯಿತು. ಎಂಜಿನ್ನನ್ನು ಹೊತ್ತ ಮುಂದಿನ ಎರಡು ತೊಲೆಗಳು ಮುಂದಿನ ಸೀಟಿನಡಿ ನೆಲದ ತಗಡಿಗೆ ಬಂದು ನಿಂತುಬಿಡುತ್ತವೆ. ಹಿಂದಿನ ಚಕ್ರಗಳ ತೊಲೆಗಳು ಹಿಂದಿನ ಸೀಟಿನ ಬಳಿ ಹೊಸದಾಗಿ ಶುರುವಾಗುತ್ತವೆ. ನಡುವಿನ ಜಾಗದಲ್ಲಿ ಕೆಲಸ ಮಾಡುವುದು ಬಾಗಿಲಡಿಯ ರಾಕರ್ ಪೆಟ್ಟಿಗೆಗಳು, ಗೇರ್‌ಬಾಕ್ಸ್ ಹಾದುಹೋಗುವ ಸುರಂಗ, ತೆಳ್ಳನೆ ನೆಲ ಮತ್ತು ಛಾವಣಿ. ಚಪ್ಪಲಿ ಡಬ್ಬಕ್ಕೆ ಮುಚ್ಚಳ ಹಾಕಿ ತಿರುಚಿದರೆ ಅದು ಮಣಿಯದು, ಮುಚ್ಚಳ ತೆಗೆದರೆ ಎರಡು ಬೆರಳಿಗೇ ತಿರುಚಿಕೊಳ್ಳುತ್ತದೆ. ಛಾವಣಿಯಿಲ್ಲದ ಕನ್ವರ್ಟಿಬಲ್‌ನ ಪಾಡೂ ಅಷ್ಟೇ, ಅದಕ್ಕೇ ಫೋರ್ಡ್ ಮೊದಲಿನಿಂದಲೂ ಅದಕ್ಕೆ ಹೆಚ್ಚುವರಿ ತಗಡು ತುಂಬುತ್ತ ಬಂದಿದೆ.

ಹೀಗಿರುವಾಗ ಮುಂದಿನ ತೊಲೆಯನ್ನೂ ಹಿಂದಿನ ತೊಲೆಯನ್ನೂ ಒಂದು ಪೆಟ್ಟಿಗೆ ಕೊಳವೆಯಿಂದ ಜೋಡಿಸುವ ಸಬ್‌ಫ್ರೇಮ್ ಕನೆಕ್ಟರಿಗೆ ನ್ಯಾಯವಾದ ಕಾರಣವಿದೆ. ತುಂಡಾಗಿದ್ದ ಹಾದಿಯನ್ನು ಅದು ಕೂಡಿಸುತ್ತದೆ. ಇದನ್ನು ಒಪ್ಪಿಕೊಂಡೇ ಮೊದಲ ಗೋಜಲನ್ನು ಬಿಡಿಸಬೇಕು. ಬಿಗಿತವೆಂಬುದು ಡಬ್ಬಿಯಿಂದ ಚಮಚದಲ್ಲಿ ಅಳೆದು ಹಾಕುವ ಪದಾರ್ಥದಂತೆ ಮಾತಾಡುವ ರೂಢಿ ಬಿದ್ದಿದೆ. ವಾಸ್ತವದಲ್ಲಿ ಅದು ಎರಡು ಬಿಂದುಗಳ ನಡುವೆ, ಒಂದು ನಿರ್ದಿಷ್ಟ ಹೊರೆಗೆ ಸಂಬಂಧಿಸಿದ ಗುಣ. ಯಾವ ಬಲ ಎಲ್ಲಿ ಒಳಗೆ ಬರುತ್ತದೆ, ಯಾವ ದಾರಿಯಲ್ಲಿ ಸಾಗುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂದು ಕೇಳದೆ ಹಾಕಿದ ಪಟ್ಟಿ ಬರೀ ತೂಕವಾಗಿ ಉಳಿಯಬಹುದು.

ಸ್ಟ್ರಟ್ ಟವರುಗಳ ನಡುವಿನ ಅಡ್ಡಪಟ್ಟಿಯನ್ನೇ ತೆಗೆದುಕೊಳ್ಳಿ. ಎರಡು ತುದಿಯಲ್ಲಿ ಬೋಲ್ಟ್ ಹಾಕಿದ ನೇರ ಕಂಬಿ ತನ್ನ ಉದ್ದದ ದಿಕ್ಕಿನ ಎಳೆತವನ್ನೂ ಒತ್ತಡವನ್ನೂ ಚೆನ್ನಾಗಿ ತಡೆಯುತ್ತದೆ. ಒಂದು ಟವರು ಮೇಲೆ, ಇನ್ನೊಂದು ಕೆಳಗೆ ಸರಿಯುವ ತಿರುಚುವಿಕೆಗೆ ಅದರ ವಿರೋಧ ಅತ್ಯಲ್ಪ. 1964ರ ಏಪ್ರಿಲ್‌ನಲ್ಲಿ ಬಂದ ಮೊದಲ ಪೀಳಿಗೆಯ ಮಸ್ಟಾಂಗ್‌ನಲ್ಲಿ ಮುಂದಿನ ಕಾಯಿಲ್ ಸ್ಪ್ರಿಂಗ್ ಮೇಲಿನ ಕಂಟ್ರೋಲ್ ಆರ್ಮ್‌ನ ಮೇಲೆ ಕೂತು ಟವರಿನ ನೆತ್ತಿಗೆ ಒತ್ತುತ್ತದೆ, ಅಂದರೆ ಕಾರಿನ ಮುಂಭಾಗದ ಭಾರವೆಲ್ಲ ಟವರುಗಳ ಮೂಲಕವೇ ಇಳಿಯುತ್ತದೆ. ವರ್ಷಗಳು ಕಳೆದಂತೆ ಆ ಟವರುಗಳು ಒಳಮುಖವಾಗಿ ವಾಲುವುದು ಹಳೆಯ ಮಸ್ಟಾಂಗ್ ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ರೋಗ. ಹೊಸದಾಗಿ ತಂದ ಅಡ್ಡಪಟ್ಟಿಯ ತೂತುಗಳು ಬೋಲ್ಟುಗಳಿಗೆ ಕೂಡದಿದ್ದಾಗಲೇ ಎಷ್ಟೋ ಜನಕ್ಕೆ ಅದು ಕಣ್ಣಿಗೆ ಬೀಳುವುದು. ಕೆಟ್ಟ ರಸ್ತೆಗಳ ದೇಶಗಳಿಗೆ ಹೋಗುವ ಕಾರುಗಳಿಗೆ ಫೋರ್ಡ್ ‘ಎಕ್ಸ್‌ಪೋರ್ಟ್ ಬ್ರೇಸ್’ ಎಂಬ ಒಂದೇ ತುಂಡಿನ ಗಟ್ಟಿ ಪಟ್ಟಿ ಹಾಕುತ್ತಿತ್ತು. ಅದು ಎರಡೂ ಟವರುಗಳನ್ನು ಗಾಜಿನ ಬುಡದ ಅಡ್ಡಗೋಡೆಗೆ ಕಟ್ಟಿ ತ್ರಿಕೋನ ಮಾಡುತ್ತದೆ. 1965ರ ಶೆಲ್ಬಿ ಜಿಟಿ350ರಲ್ಲಿ ಅದೂ ಇತ್ತು, ‘ಮಾಂಟೆ ಕಾರ್ಲೊ ಬಾರ್’ ಎಂಬ ಅಡ್ಡಕಂಬಿಯೂ ಇತ್ತು. ಹೊರೆ ಬರುವ ಜಾಗಕ್ಕೇ ಆಸರೆ ಕೊಟ್ಟದ್ದರಿಂದ ಆ ಜೋಡಿ ಸಾರ್ಥಕವಾಯಿತು.

ಈಗ ಫಾಕ್ಸ್ ಮಸ್ಟಾಂಗ್‌ಗೆ ಬನ್ನಿ. ಹೆಸರು ಅದೇ ಮಸ್ಟಾಂಗ್, ಬಾನೆಟ್ಟು ಎತ್ತಿದರೆ ಕಾಣುವುದೂ ಎರಡು ಟವರುಗಳೇ. ಆದರೆ ಇಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್‌ಗೂ ಎಂಜಿನ್ ಕೆಳಗಿನ ಅಡ್ಡತೊಲೆಗೂ ನಡುವೆ ಕೂತಿದೆ, ಟವರಿಗೆ ಬರುವುದು ಸ್ಟ್ರಟ್‌ನ ತಣಿಸುವ ಬಲ ಮತ್ತು ಬ್ರೇಕು, ತಿರುವಿನ ಹೊತ್ತಿನ ಪಕ್ಕದ ನೂಕು ಮಾತ್ರ. ಕಾರಿನ ಭಾರ ಟವರನ್ನು ಹಾಯುವುದೇ ಇಲ್ಲ. ಮೊದಲ ಮಸ್ಟಾಂಗ್‌ನಲ್ಲಿ ಅಡ್ಡಪಟ್ಟಿಗಿದ್ದ ಮುಖ್ಯ ಕೆಲಸ ಇಲ್ಲಿ ಇಲ್ಲ. ಅದೇ ಫಾಕ್ಸ್‌ಗೆ ಮುಂದೊಂದು ದಿನ ಮಾಲೀಕ ಕಾಯಿಲ್‌ಓವರ್ ಕಿಟ್ ಹಾಕಿಸಿದ ಎನ್ನಿ: ಸ್ಪ್ರಿಂಗ್ ಸ್ಟ್ರಟ್ಟಿನ ಮೇಲಕ್ಕೆ ಏರುತ್ತದೆ, ಆವರೆಗೆ ಕೆಳಗಿನ ತೊಲೆ ಹೊರುತ್ತಿದ್ದ ಭಾರವನ್ನು ಟವರು ಹೊರಬೇಕಾಗುತ್ತದೆ. ಆಗ ಪಟ್ಟಿಯ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ. ಒಂದೇ ಪಟ್ಟಿ, ಮೂರು ಸಂದರ್ಭ, ಮೂರು ಬೇರೆ ಉತ್ತರ. “ಸ್ಟ್ರಟ್ ಬಾರ್ ಒಳ್ಳೆಯದೇ?” ಎಂಬ ಪ್ರಶ್ನೆಗೆ ಹೌದು-ಅಲ್ಲ ಎನ್ನುವವರಿಬ್ಬರೂ ಕಾರು ಯಾವುದೆಂದು ಕೇಳದೆ ಉತ್ತರಿಸುತ್ತಿದ್ದಾರೆ.

ಎರಡನೆಯ ಗೋಜಲು ಪ್ರಮಾಣದ್ದು. ಎಷ್ಟು ಬಿಗಿಯಾದರೆ ಸಾಕು? ಇದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಕಾರಿನ ಮುಂದಿನ ಸಸ್ಪೆನ್ಷನ್ ಒಂದು ಡಿಗ್ರಿ ವಾಲಲು 900 ನ್ಯೂಟನ್ ಮೀಟರ್ ಕೇಳುತ್ತದೆ, ಹಿಂದಿನದು 500 ಕೇಳುತ್ತದೆ ಎಂದಿಟ್ಟುಕೊಳ್ಳಿ. ರಸ್ತೆ ಕಾರಿಗೆ ಇದು ಸಹಜವಾದ ಅಂಕಿ. ಮೈ ಕಲ್ಲಿನಂತೆ ಮಣಿಯದೇ ಇದ್ದಲ್ಲಿ ವಾಲುವಿಕೆಯ ಹೊರೆಯಲ್ಲಿ ಮುಂದಿನ ಪಾಲು ಶೇಕಡ 64.3. ಮೈಯ ಬಿಗಿತ ಡಿಗ್ರಿಗೆ 6,000 ನ್ಯೂಟನ್ ಮೀಟರ್ ಇದ್ದು, ಹೊರೆ ಹಿಂದು-ಮುಂದು ಸಮನಾಗಿ ಬಿದ್ದರೆ ಆ ಪಾಲು 63.6ಕ್ಕೆ ಇಳಿಯುತ್ತದೆ. ಬಹಳ ಖರ್ಚು ಮಾಡಿ ಮೈಯನ್ನು ಎರಡರಷ್ಟು, ಅಂದರೆ 12,000ಕ್ಕೆ ಬಿಗಿಮಾಡಿದರೆ 63.9. ಗಳಿಸಿದ್ದು ಶೇಕಡ ಒಂದರ ಮೂರನೇ ಒಂದು ಭಾಗ. ಟೈರಿನ ಗಾಳಿ ತುಸು ಹೆಚ್ಚುಕಡಿಮೆ ಮಾಡಿದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುತ್ತದೆ. ಅದೇ ಕಾರನ್ನು ಪೂರ್ತಿ ರೇಸಿಗೆ ಸಜ್ಜುಗೊಳಿಸಿ, ಸಸ್ಪೆನ್ಷನ್ನನ್ನು ಮುಂದೆ 3,000ಕ್ಕೂ ಹಿಂದೆ 1,500ಕ್ಕೂ ಏರಿಸಿದರೆ ಚಿತ್ರ ಬೇರೆ. ಮಣಿಯದ ಮೈಯಲ್ಲಿ ಮುಂದಿನ ಪಾಲು 66.7 ಆಗಬೇಕು, 6,000ದ ಮೈಯಲ್ಲಿ ಅದು 64.3, 12,000ದಲ್ಲಿ 65.4. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮುಂದಿನ ಆಂಟಿ-ರೋಲ್ ಬಾರನ್ನು ದಪ್ಪ ಮಾಡಿ 3,500ಕ್ಕೆ ಒಯ್ದರೆ ಬರಬೇಕಾದ ಬದಲಾವಣೆಯಲ್ಲಿ ಸುಮಾರು ಐದನೇ ಒಂದು ಭಾಗವನ್ನು 6,000ದ ಮೆತ್ತನೆಯ ಮೈ ನುಂಗಿಹಾಕುತ್ತದೆ. ಮೆಕ್ಯಾನಿಕ್ ಬಾರ್ ಬದಲಿಸುತ್ತಲೇ ಇರುತ್ತಾನೆ, ಕಾರು ಅವನ ಮಾತು ಪೂರ್ತಿ ಕೇಳುವುದಿಲ್ಲ.

ಇದರಿಂದ ತಿಳಿಯುವುದು ಸರಳ: ಮೈಯ ಬಿಗಿತವನ್ನು ಸಸ್ಪೆನ್ಷನ್ನಿನ ಬಿಗಿತದ ಎದುರಿಟ್ಟೇ ತೂಗಬೇಕು. ಮೊದಲಿನದು ಎರಡನೆಯದರ ಹಲವು ಪಟ್ಟು ಇದ್ದರೆ ಆಮೇಲೆ ಸೇರಿಸಿದ್ದರ ಫಲ ಬೇಗ ಬೇಗ ಕರಗುತ್ತದೆ. ಮೂಲ ಸ್ಪ್ರಿಂಗುಗಳ ಮೇಲೆ ವಾರಾಂತ್ಯಕ್ಕೆ ಸುತ್ತಾಡುವ ಕಾರಿಗೂ, ಅಂಟುವ ಟೈರು, ಗಡುಸು ಸ್ಪ್ರಿಂಗಿನ ರೇಸ್ ಕಾರಿಗೂ ಒಂದೇ ಸಲಹೆ ಕೊಡುವುದು ತಪ್ಪು. ಬಿಗಿತದ ಅಂಕಿಯನ್ನೇ ಗುಣಮಟ್ಟದ ದರ್ಜೆಯಾಗಿ ಓದುವುದೂ ತಪ್ಪು. ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕದಲ್ಲಿ 1990ರ ದಶಕದ ಮೆಕ್ಲಾರೆನ್ ಎಫ್1 ಡಿಗ್ರಿಗೆ ಸುಮಾರು 13,500, ಬಿಎಂಡಬ್ಲ್ಯು ಇ46 ಸೆಡಾನ್ ಸುಮಾರು 18,000 ನ್ಯೂಟನ್ ಮೀಟರ್. ಮಕ್ಕಳನ್ನು ಶಾಲೆಗೆ ಬಿಡುವ ಸೆಡಾನು ಗಂಟೆಗೆ 386 ಕಿ.ಮೀ. ಮುಟ್ಟಿದ ಕಾರಿಗಿಂತ ಬಿಗಿ ಎಂದಾಯಿತು. ಎರಡರಲ್ಲಿ ತಿರುವಿಗೆ ಯಾವುದು ಮೇಲು ಎಂಬುದನ್ನು ಈ ಅಂಕಿ ಹೇಳಲಾರದು.

ಜಿಟಿ350ರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅದಕ್ಕೆ ಮಾಡಿದ ಬದಲಾವಣೆಗಳಲ್ಲಿ ಇಂದಿಗೂ ಜನ ತಮ್ಮ ಹಳೆಯ ಮಸ್ಟಾಂಗ್‌ಗಳಿಗೆ ನಕಲು ಮಾಡುವುದು ಮುಂದಿನ ಮೇಲಿನ ಕಂಟ್ರೋಲ್ ಆರ್ಮ್‌ನ ತೂತುಗಳನ್ನು ಒಂದು ಇಂಚು ಕೆಳಗೆ ಕೊರೆಯುವುದನ್ನು. ಆ ಒಂದು ಇಂಚಿನಿಂದ ಕಾರು ವಾಲಿದಾಗ ಚಕ್ರದ ಕೋನ ಸರಿಯಾದ ದಿಕ್ಕಿಗೆ ತಿರುಗುತ್ತದೆ. ಅದರಿಂದ ಮೈ ಒಂದಿಷ್ಟೂ ಬಿಗಿಯಾಗಲಿಲ್ಲ, ಖರ್ಚೂ ಡ್ರಿಲ್ ಹಿಡಿಯುವಷ್ಟೇ.

ಮೂರನೆಯ ಗೋಜಲು ಎಲ್ಲಕ್ಕಿಂತ ದುಬಾರಿಯಾದದ್ದು: ಬಿಗಿತ ಮತ್ತು ಬಲ ಒಂದೇ ಎಂಬ ಭಾವನೆ. ಎಷ್ಟು ಮಣಿಯುತ್ತದೆ ಎಂಬುದು ಒಂದು ಪ್ರಶ್ನೆ, ಯಾವಾಗ ಸೀಳುತ್ತದೆ ಎಂಬುದು ಇನ್ನೊಂದು. ಉಕ್ಕು ಯಾವ ದರ್ಜೆಯದಾದರೂ ಅದರ ಸ್ಥಿತಿಸ್ಥಾಪಕತೆಯ ಗುಣಾಂಕ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಆದ್ದರಿಂದ ಅದೇ ಅಳತೆಯ ಕೊಳವೆಯನ್ನು ದುಬಾರಿ ಉಕ್ಕಿನಲ್ಲಿ ಮಾಡಿದರೆ ಅದು ಸೀಳಲು ಹೆಚ್ಚು ಬಲ ಬೇಕು, ಮಣಿಯುವುದು ಮಾತ್ರ ಮೊದಲಿನಷ್ಟೇ. ಬಿಗಿಮಾಡಿದ ಭಾಗ ಹೊರೆಯನ್ನು ತನ್ನತ್ತ ಸೆಳೆದುಕೊಂಡು ತನ್ನ ತುದಿಗೆ ಸಾಗಿಸುತ್ತದೆ. ಆ ತುದಿಯಲ್ಲಿರುವುದು ನಲವತ್ತು ವರ್ಷದ ತೆಳ್ಳನೆ ತಗಡು. ಬೆಸುಗೆಯ ಜಾಗದಲ್ಲಿ ಒತ್ತಡದ ಏರಿಳಿತ ಎರಡರಷ್ಟಾದರೆ ಅದರ ಆಯುಸ್ಸು ಸರಿಸುಮಾರು ಎಂಟನೇ ಒಂದು ಭಾಗಕ್ಕೆ ಕುಗ್ಗುತ್ತದೆ ಎಂಬುದು ಎಂಜಿನಿಯರುಗಳು ದಿನನಿತ್ಯ ಬಳಸುವ ನಿಯಮ.

ಫಾಕ್ಸ್‌ನ ಹಿಂಭಾಗದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅದರ ಹಿಂದಿನ ಇಡೀ ಆಕ್ಸಲನ್ನು ನಾಲ್ಕು ಆರ್ಮ್‌ಗಳು ಹಿಡಿದಿವೆ, ಮೇಲಿನ ಎರಡು ಓರೆಯಾಗಿವೆ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಆ ನಾಲ್ಕೂ ಒಟ್ಟಿಗೆ ತಿರುಗಬೇಕಾದರೆ ಎಲ್ಲಾದರೂ ಏನಾದರೂ ಮಣಿಯಲೇಬೇಕು. ಅದಕ್ಕೆಂದೇ ಮೇಲಿನ ಆರ್ಮ್‌ಗಳಲ್ಲಿ ಮೆತ್ತನೆ ರಬ್ಬರ್ ಬುಷ್ ಇಟ್ಟಿದ್ದಾರೆ. “ಎಲ್ಲ ಬಿಗಿಯಾಗಲಿ” ಎಂದು ಅಲ್ಲಿ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿಸಿದರೆ ಸಸ್ಪೆನ್ಷನ್ನೇ ಸಿಕ್ಕಿಹಾಕಿಕೊಳ್ಳುತ್ತದೆ: ತಿರುವಿನ ನಡುವೆ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ಬುಷ್ ನುಂಗಬೇಕಾಗಿದ್ದ ಬಲ ಟಾರ್ಕ್ ಬಾಕ್ಸ್ ಎಂಬ ತಗಡಿನ ಗೂಡಿಗೆ ನೇರ ತಗುಲುತ್ತದೆ. ಮೊದಲು ಚುಕ್ಕಿ ಬೆಸುಗೆಯ ಸುತ್ತ ಬಣ್ಣ ಬಿರುಕುಬಿಡುತ್ತದೆ, ಆಮೇಲೆ ಕೂದಲೆಳೆಯ ಗೆರೆ, ಆಮೇಲೆ ತಗಡೇ ಸುರುಳಿಯಾಗಿ ಎದ್ದು ನಿಲ್ಲುತ್ತದೆ. ಬಿಎಂಡಬ್ಲ್ಯು ಇ46ರ ಹಿಂದಿನ ಸಬ್‌ಫ್ರೇಮ್ ಕೂರುವ ನೆಲದ ತಗಡು ಬಿರಿಯುವುದೂ ಇದೇ ಬಗೆಯ ದಣಿವಿನ ಕಥೆ. ಒಟ್ಟು ಮೈಯ ಬಿಗಿತದಲ್ಲಿ ತನ್ನ ಕಾಲಕ್ಕೆ ಹೆಸರಾಗಿದ್ದ ಕಾರು ಅದು. ಒಟ್ಟಾರೆ ಅಂಕಿ ಎಷ್ಟೇ ಚೆನ್ನಾಗಿದ್ದರೂ ಒಂದು ಅಂಗೈಯಗಲದ ಜಾಗ ಸೋಲಬಹುದು.

ಇನ್ನು ತುಕ್ಕು. ಹಳೆಯ ಕಾರಿನ ಮಾತಾಡುವಾಗ ಇದೇ ಮೊದಲು ಬರಬೇಕು, ಆದರೆ ಪಟ್ಟಿ ಮಾರುವವರ ಜಾಹೀರಾತಿನಲ್ಲಿ ಇದು ಬರುವುದಿಲ್ಲ. 50 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಮುಚ್ಚಿದ ಕೊಳವೆಯೊಂದರ ಉದ್ದಕ್ಕೂ ಗರಗಸದಲ್ಲಿ ಒಂದೇ ಒಂದು ಸೀಳು ಹಾಕಿ ನೋಡಿ. ತೂಕ ಕೂದಲಷ್ಟು ಕಡಿಮೆಯಾಗುತ್ತದೆ, ತಿರುಚುವಿಕೆಗೆ ಅದರ ವಿರೋಧ ಮಾತ್ರ ನಾನೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಬೀಳುತ್ತದೆ. ರಾಕರ್ ಪೆಟ್ಟಿಗೆಯ ಕೆಳಗಿನ ಅಂಚು ತುಕ್ಕು ತಿಂದು ಬಿಚ್ಚಿಕೊಂಡಾಗ ಆಗುವುದೂ ಇಂಥದೇ, ಬಿಚ್ಚಿದ ಉದ್ದದಷ್ಟು. ಅಂಥ ಕಾರಿಗೆ ಹೊಸ ಕನೆಕ್ಟರ್ ಬೆಸೆಯುವ ಮೊದಲು ಆ ಅಂಚನ್ನು ಕತ್ತರಿಸಿ, ಹೊಸ ತಗಡು ಕೂರಿಸಿ, ಪೆಟ್ಟಿಗೆಯನ್ನು ಮತ್ತೆ ಮುಚ್ಚಬೇಕು. ಬಹಳಷ್ಟು ಹಳೆಯ ಕಾರುಗಳಲ್ಲಿ “ಬಿಗಿತ ಸೇರಿಸುವುದು” ಎಂಬ ಕೆಲಸ ಕಳೆದುಹೋದದ್ದನ್ನು ವಾಪಸು ತರುವ ಕೆಲಸವೇ ಆಗಿರುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ಅತಿ ಗಟ್ಟಿಯಾದದ್ದು ಚಾಲಕರ ಅನುಭವದ್ದು. ಕನೆಕ್ಟರ್ ಹಾಕಿಸಿದ ದಿನವೇ ಕಾರು ಬೇರೆಯಾಯಿತು, ಬಾಗಿಲ ಕಿರುಗುಟ್ಟುವಿಕೆ ನಿಂತಿತು, ಸ್ಟಿಯರಿಂಗ್ ಚುರುಕಾಯಿತು ಎಂದು ಸಾವಿರಾರು ಜನ ಹೇಳುತ್ತಾರೆ. ಅವರೆಲ್ಲ ಭ್ರಮೆಯಲ್ಲಿದ್ದಾರೆ ಎನ್ನುವುದು ಅನ್ಯಾಯ. ಮೈಯ ಅದುರು ಕೈಗೂ ಬೆನ್ನಿಗೂ ನೇರ ತಿಳಿಯುತ್ತದೆ, ಅದು ಕಡಿಮೆಯಾದರೆ ಚಾಲಕನಿಗೆ ಧೈರ್ಯ ಬರುತ್ತದೆ, ಧೈರ್ಯ ಬಂದವನು ಚೆನ್ನಾಗಿ ಓಡಿಸುತ್ತಾನೆ. ಈ ಲಾಭ ಖರ್ಚಿಗೆ ತಕ್ಕದ್ದೇ. ಆದರೆ ಅದುರು ತಗ್ಗುವುದು ಒಂದು, ಟೈರಿನ ಹಿಡಿತ ಹೆಚ್ಚುವುದು ಇನ್ನೊಂದು. ಮೊದಲನೆಯದನ್ನು ಅನುಭವಿಸಿ ಎರಡನೆಯದನ್ನು ಊಹಿಸಿಕೊಳ್ಳುವಲ್ಲಿ ತರ್ಕ ಜಾರುತ್ತದೆ. ಅದುರಿನ ವಿಷಯದಲ್ಲೂ ಬಿಗಿತ ನಿಧಾನದ ಮದ್ದು: ಕಂಪನದ ವೇಗ ಬಿಗಿತದ ವರ್ಗಮೂಲದಂತೆ ಏರುವುದರಿಂದ ಬಿಗಿತ ಎರಡರಷ್ಟಾದರೂ ಆ ವೇಗ ಏರುವುದು ಒಂದೂವರೆ ಪಟ್ಟಿಗಿಂತ ಕಡಿಮೆ. ಯಮಾಹಾ ಕಂಪನಿ ಕಾರಿನ ಮೈಗೇ ಅಳವಡಿಸುವ ಡ್ಯಾಂಪರನ್ನು ಮಾಡುತ್ತಿರುವುದು ಈ ಕಾರಣಕ್ಕೆ. ಮೈಯನ್ನು ಇನ್ನಷ್ಟು ಬಿಗಿಯುವ ಬದಲು ಅದರ ಅದುರನ್ನು ತಣಿಸುವ ದಾರಿ ಅದು.

ರೇಸಿನವರು ಒಳಗೆಲ್ಲ ಕೊಳವೆ ಬೆಸೆದು ರೋಲ್ ಕೇಜ್ ಹಾಕುತ್ತಾರಲ್ಲ ಎಂಬುದು ಇನ್ನೊಂದು ಮಾತು. ಹೌದು, ಸಸ್ಪೆನ್ಷನ್ ಕೂರುವ ಜಾಗಗಳವರೆಗೂ ಕೊಂಡೊಯ್ದ ಕೇಜ್ ಕೊಡುವಷ್ಟು ಬಿಗಿತವನ್ನು ಬೇರೆ ಯಾವ ಪಟ್ಟಿಯೂ ಕೊಡದು, ಮತ್ತು ಮೇಲಿನ ಲೆಕ್ಕದಂತೆ ರೇಸ್ ಕಾರಿಗೆ ಅದು ನಿಜಕ್ಕೂ ಬೇಕು. ಆದರೆ ರೇಸ್ ಚಾಲಕ ಹೆಲ್ಮೆಟ್ ತೊಟ್ಟು ಹಲವು ಪಟ್ಟಿಗಳ ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಕೂತಿರುತ್ತಾನೆ. ರಸ್ತೆಯ ಕಾರಿನಲ್ಲಿ ಬರಿತಲೆಯ ಪಕ್ಕ ಉಕ್ಕಿನ ಕೊಳವೆ ಇದ್ದರೆ ಸಾಧಾರಣ ಡಿಕ್ಕಿಯೂ ಪ್ರಾಣಕ್ಕೆ ಬರುತ್ತದೆ. ಮುಂದಿನ ತೊಲೆಗಳನ್ನು ಸಿಕ್ಕಂತೆ ಗಟ್ಟಿಮಾಡುವುದೂ ಹೀಗೆಯೇ ಅಪಾಯ. ಅಪಘಾತದಲ್ಲಿ ಮುದುಡಿ ಪೆಟ್ಟನ್ನು ನುಂಗಬೇಕಾದ ಭಾಗ ಅದು. ಈ ವಿಷಯದಲ್ಲಿ ರಿಯಾಯಿತಿ ತೋರಿಸಲಾಗದು.

ಹಾಗಾದರೆ ಪಟ್ಟಿ ಬೇಕೋ ಬೇಡವೋ ಎಂದು ಮಾಲೀಕ ತೀರ್ಮಾನಿಸುವುದು ಹೇಗೆ? ಅಳೆದು ನೋಡಬೇಕು, ಅದು ಪ್ರಯೋಗಾಲಯದ ಕೆಲಸವೂ ಅಲ್ಲ. ಕಾರಿನ ಹಿಂದಿನ ಸ್ಪ್ರಿಂಗ್ ಕೂರುವ ಜಾಗಗಳನ್ನು ಭದ್ರವಾದ ಸ್ಟ್ಯಾಂಡಿಗೆ ಬಿಗಿದು, ಮುಂದಿನವನ್ನು ನಡುವೆ ಆಧಾರವಿಟ್ಟ ಒಂದು ಅಡ್ಡತೊಲೆಗೆ ಬಿಗಿಯಬೇಕು. ಆ ತೊಲೆಯ ಒಂದು ಬದಿಗೆ ನಡುವಿನಿಂದ 1 ಮೀಟರ್ ದೂರದಲ್ಲಿ 100 ಕೆ.ಜಿ. ತೂಕ ಹೇರಿದರೆ ಸುಮಾರು 980 ನ್ಯೂಟನ್ ಮೀಟರ್ ತಿರುಚುಬಲ ಸಿಗುತ್ತದೆ. ಮೈಯ ಬಿಗಿತ ಡಿಗ್ರಿಗೆ 6,000 ಇದ್ದರೆ, ಎಡ-ಬಲದಲ್ಲಿ 1.5 ಮೀಟರ್ ಅಂತರದಲ್ಲಿಟ್ಟ ಎರಡು ಡಯಲ್ ಗೇಜುಗಳ ನಡುವೆ ಸುಮಾರು 4 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಮಿಲಿಮೀಟರಿನ ನೂರನೇ ಭಾಗವನ್ನು ಓದುವ ಗೇಜಿಗೆ ಇದು ದೊಡ್ಡ ಅಂಕಿ. ಇನ್ನೂ ನಾಲ್ಕು ಜೋಡಿ ಗೇಜುಗಳನ್ನು ರಾಕರ್ ಉದ್ದಕ್ಕೂ ಇಟ್ಟರೆ ತಿರುಚು ಎಲ್ಲಿ ಸಮನಾಗಿ ಏರುತ್ತದೆ, ಎಲ್ಲಿ ಒಮ್ಮೆಲೇ ಜಿಗಿಯುತ್ತದೆ ಎಂಬುದು ಗೊತ್ತಾಗುತ್ತದೆ. ಜಿಗಿದ ಜಾಗವೇ ಮೆತ್ತನೆಯ ಜಾಗ. ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಪಟ್ಟಿಗಳನ್ನು ಮಾಡಿ ಮಾರುವವರು ಈ ಪರೀಕ್ಷೆಯನ್ನು ಒಂದು ದಿನದಲ್ಲಿ ಮುಗಿಸಬಲ್ಲರು. ಹಾಕುವ ಮೊದಲು ಡಿಗ್ರಿಗೆ ಎಷ್ಟಿತ್ತು, ಹಾಕಿದ ಮೇಲೆ ಎಷ್ಟಾಯಿತು, ಯಾವ ಬಿಂದುಗಳ ನಡುವೆ ಅಳೆದರು, ಪಟ್ಟಿಯ ತೂಕ ಎಷ್ಟು, ಈ ನಾಲ್ಕು ವಿವರಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವಂತೆ ಕೊಳ್ಳುವವರು ಕೇಳಬೇಕು. ಕೊಡದವರಲ್ಲಿ ಕೊಳ್ಳದಿರಲಿ. ಅಲ್ಲಿಯವರೆಗೆ ಆ ದುಡ್ಡಿನಲ್ಲಿ ಒಬ್ಬ ಒಳ್ಳೆಯ ವೆಲ್ಡರನ್ನು ಹುಡುಕಿ, ಕಾರನ್ನು ಎತ್ತಿಸಿ, ರಾಕರಿನ ಕೆಳ ಅಂಚನ್ನೂ ಟಾರ್ಕ್ ಬಾಕ್ಸಿನ ಮೂಲೆಗಳನ್ನೂ ಟಾರ್ಚ್ ಹಿಡಿದು ನೋಡಿಸಲಿ.